ಮೂವತ್ತು ಲೈಫಿನ ಲೆಕ್ಕ: ಕಾಂಟ್ರಾ, 1987ರಿಂದ 2024ರವರೆಗೆ

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ, ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ಪ್ರಿಂಟು, ಆಧಾರ್ ಕಾರ್ಡಿಗೆ ಲ್ಯಾಮಿನೇಷನ್, ಮೊಬೈಲ್ ರಿಚಾರ್ಜ್ ಎಲ್ಲ ಅಲ್ಲೇ. 1990ರ ದಶಕದ ಕೊನೆಯಲ್ಲಿ ಅದು ಟಿವಿ ಗೇಮ್ ಅಂಗಡಿಯಾಗಿತ್ತು. ಮೂರು ಟಿವಿ, ಆರು ರಿಮೋಟು, ಗಂಟೆಗೆ 5 ರೂಪಾಯಿ. ನಮ್ಮ ಪತ್ರಿಕೋದ್ಯಮದ ಬ್ಯಾಚಿನ ಮೂವರು ಅದೇ ಊರಿನ ಶಾಲೆಯಲ್ಲಿ ಓದಿದವರು. ಮೂವರಲ್ಲಿ ಇಬ್ಬರು ಬೇಸಿಗೆ ರಜೆಗಳನ್ನೆಲ್ಲ ಅಲ್ಲಿ ಕಳೆದೆವು. ಮೂರನೆಯವಳು ಬಾಗಿಲ ಹೊರಗೆ ನಿಂತು ನೋಡಿದಳು. ಹೆಣ್ಣುಮಕ್ಕಳು ಒಳಗೆ ಕೂರುವ ರೂಢಿ ಇರಲಿಲ್ಲ. ಇರಲಿಲ್ಲ ಅಂದರೆ, ಅವಳು ಒಂದು ದಿನ 5 ರೂಪಾಯಿ ಹಿಡಿದು ಬಂದಾಗ ಅಂಗಡಿಯ ಅಣ್ಣ "ನೀ ಮನಿಗೆ ಹೋಗವ್ವಾ" ಎಂದು ಕಳಿಸಿದ. ನಾವಿಬ್ಬರು ಒಳಗೇ ಇದ್ದೆವು, ಏನೂ ಹೇಳಲಿಲ್ಲ.

ಆ ಅಂಗಡಿಯಲ್ಲಿ ಅತಿ ಹೆಚ್ಚು ಬೇಡಿಕೆ ಇದ್ದ ಆಟ ಕಾಂಟ್ರಾ. ಅಂಗಿ ಇಲ್ಲದ ಇಬ್ಬರು ಸೈನಿಕರು ಕಾಡಿನೊಳಗೆ ಬಲಕ್ಕೆ ಓಡುತ್ತಾರೆ, ಗುಂಡು ಹಾರಿಸುತ್ತಾರೆ, ಒಂದೇ ಒಂದು ಗುಂಡು ತಾಗಿದರೂ ಸಾಯುತ್ತಾರೆ. ಈ ಆಟ ಹುಟ್ಟಿ 37 ವರ್ಷದ ಮೇಲೆ, 2024ರ ಮಾರ್ಚ್ 12ರಂದು, ಅದರ ಹೊಸ ರೂಪ ಬಂತು. ಹೆಸರು ಕಾಂಟ್ರಾ: ಆಪರೇಷನ್ ಗಲುಗಾ. ನಾವು ಅದನ್ನು ಕೊಂಡು ಆಡಿದೆವು. ಆಡುತ್ತಾ ಹಳೆಯದರ ಜಾಡು ಹಿಡಿದಾಗ, ನಾವು ಚಿಕ್ಕವರಿದ್ದಾಗ ಕೇಳದೇ ಬಿಟ್ಟ ಪ್ರಶ್ನೆಗಳು ಒಂದೊಂದಾಗಿ ಎದ್ದವು. ಕಾಂಟ್ರಾ ಅಂದರೆ ಏನು? ಆ ದ್ವೀಪ ಯಾರದು? ಮೂವತ್ತು ಲೈಫು ಕೊಟ್ಟವರು ಯಾರು? ಈ ಬರಹ ಆ ಹುಡುಕಾಟ.

ಬಾಡಿಗೆ ಅಂಗಡಿಯಿಂದ ಹುಟ್ಟಿದ ಕಂಪನಿ

ಕಾಂಟ್ರಾ ಮಾಡಿದ್ದು ಜಪಾನಿನ ಕೊನಾಮಿ. 1969ರಲ್ಲಿ ಕಗೆಮಾಸಾ ಕೊಜುಕಿ ಎಂಬುವರು ಒಸಾಕಾದಲ್ಲಿ ಇದನ್ನು ಶುರು ಮಾಡಿದಾಗ ಇದರ ಕಸುಬು ಜ್ಯೂಕ್‌ಬಾಕ್ಸುಗಳನ್ನು ಬಾಡಿಗೆಗೆ ಕೊಡುವುದು ಮತ್ತು ರಿಪೇರಿ ಮಾಡುವುದು. ಅಂದರೆ ನಮ್ಮ ಓಣಿಯ ಅಣ್ಣನ ಕಸುಬಿಗೂ ಇದಕ್ಕೂ ಬಹಳ ದೂರವೇನಿಲ್ಲ. ಕಾಸು ಹಾಕಿದರೆ ನಡೆಯುವ ಯಂತ್ರ, ಅದು ಕೆಟ್ಟರೆ ಬಿಚ್ಚಿ ಸರಿಮಾಡುವ ಕೈ.

1987ರ ಆರಂಭದಲ್ಲಿ ಕಾಂಟ್ರಾ ಮೊದಲು ಬಂದದ್ದು ಆರ್ಕೇಡ್ ಯಂತ್ರವಾಗಿ. ನಾಣ್ಯ ಹಾಕಿ, ನಿಂತು ಆಡುವ ದೊಡ್ಡ ಪೆಟ್ಟಿಗೆ. ಅದರ ಪರದೆ ನಮ್ಮ ಟಿವಿಯ ಹಾಗೆ ಅಡ್ಡಡ್ಡ ಅಲ್ಲ, ಉದ್ದುದ್ದ. ಆರ್ಕೇಡಿನ ಆರ್ಥಿಕತೆ ಸರಳ: ಆಡುವವನು ಬೇಗ ಸತ್ತಷ್ಟೂ ಇನ್ನೊಂದು ನಾಣ್ಯ ಬೀಳುತ್ತದೆ. ಒಂದು ಗುಂಡಿಗೆ ಒಂದು ಸಾವು ಎಂಬ ನಿಯಮದ ಹಿಂದೆ ಈ ಲೆಕ್ಕವೂ ಇತ್ತು.

1988ರಲ್ಲಿ ಅದೇ ಆಟ ನಿಂಟೆಂಡೊದ ಮನೆ ಯಂತ್ರಕ್ಕೆ ಬಂತು. ಜಪಾನಿನಲ್ಲಿ ಆ ಯಂತ್ರದ ಹೆಸರು ಫ್ಯಾಮಿಕಾಮ್, ಅಮೆರಿಕದಲ್ಲಿ ಎನ್‌ಇಎಸ್. ನಾವು ಆಡಿದ್ದು ಇದೇ ಆವೃತ್ತಿ. ಪರದೆ ಅಡ್ಡ ಆಯಿತು, ಹಂತಗಳು ಎಂಟಾದವು, ಓಟ ಇನ್ನೂ ಚುರುಕಾಯಿತು. ಅಸಲಿ ಆರ್ಕೇಡಿಗಿಂತ ಮನೆಯ ಆವೃತ್ತಿಯೇ ಹೆಚ್ಚು ಹೆಸರು ಮಾಡಿದ ಅಪರೂಪದ ಆಟಗಳಲ್ಲಿ ಕಾಂಟ್ರಾ ಒಂದು.

ಹೆಸರಿನೊಳಗಿನ ಯುದ್ಧ

ಪತ್ರಿಕೋದ್ಯಮ ಓದುವಾಗ ನಮಗೆ ಇರಾನ್-ಕಾಂಟ್ರಾ ಹಗರಣದ ಪಾಠ ಇತ್ತು. ಆ ಪಾಠ ಕೇಳುತ್ತಾ ಹಿಂದಿನ ಬೆಂಚಿನಲ್ಲಿ ನಾವು ನಕ್ಕಿದ್ದು ನೆನಪಿದೆ. "ಲೇ, ಗೇಮಿನ ಹೆಸರು!"

ಮಧ್ಯ ಅಮೆರಿಕದ ನಿಕರಾಗುವಾದಲ್ಲಿ 1979ರಲ್ಲಿ ಸ್ಯಾಂಡಿನಿಸ್ಟಾಗಳು ಸೊಮೊಜಾ ಮನೆತನದ ಆಳ್ವಿಕೆಯನ್ನು ಉರುಳಿಸಿದರು. ಅವರ ಸರ್ಕಾರದ ವಿರುದ್ಧ ಬಂದೂಕು ಎತ್ತಿದ ಪಡೆಗಳಿಗೆ ಕಾಂಟ್ರಾ ಎಂಬ ಹೆಸರು ಬಂತು. ಅಮೆರಿಕದ ರೇಗನ್ ಆಡಳಿತ ಇವರ ಬೆನ್ನಿಗಿತ್ತು. ಅಮೆರಿಕದ ಸಂಸತ್ತು ನೆರವಿಗೆ ತಡೆ ಹಾಕಿದಾಗ, ಗುಟ್ಟಾಗಿ ಇರಾನಿಗೆ ಶಸ್ತ್ರ ಮಾರಿದ ಹಣದಲ್ಲಿ ಒಂದು ಭಾಗ ಇವರ ಕಡೆ ಹರಿಯಿತು. ಇದು ಬಯಲಾದದ್ದು 1986ರ ನವೆಂಬರಿನಲ್ಲಿ. ಮೂರೇ ತಿಂಗಳಿಗೆ ಆಟ ಮಾರುಕಟ್ಟೆಗೆ ಬಂತು.

ಕೊನಾಮಿ ಕೊಟ್ಟ ವಿವರಣೆ ಬೇರೆ. ಗೆರಿಲ್ಲಾ ಕಾಳಗದಲ್ಲಿ ನುರಿತ, ಕುದಿಯುವ ಕೆಚ್ಚಿನ ಯೋಧನಿಗೆ ಕೊಡುವ ಬಿರುದು ಕಾಂಟ್ರಾ, ಅಷ್ಟೆ. ಜಪಾನಿಯಲ್ಲಿ ಅದನ್ನು ಬರೆಯುವುದೂ ಮೂರು ಚೀನೀ ಅಕ್ಷರಗಳಲ್ಲಿ, ಮೊದಲೆರಡರ ಅರ್ಥ ಆತ್ಮ ಮತ್ತು ಕಾಳಗ. ಆದರೆ ಆರ್ಕೇಡ್ ಆಟ ಮುಗಿದಾಗ ಬರುವ ಸಂಗೀತದ ಹೆಸರು ಸ್ಯಾಂಡಿನಿಸ್ಟಾ. ಸುದ್ದಿ ಅವರ ಕಿವಿಗೂ ಬಿದ್ದಿತ್ತು ಎನ್ನಲು ಇಷ್ಟು ಸಾಕು. ಯಾರ ಪರ, ಯಾರ ವಿರುದ್ಧ ಎಂಬ ನಿಲುವು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಾವಿರಾರು ಜನ ಸತ್ತ ಒಂದು ಯುದ್ಧದ ಹೆಸರು, ಕೇಳಲು ಚೆನ್ನಾಗಿದೆ ಎಂದು ಡಬ್ಬಿಯ ಮೇಲೆ ಕೂತಂತೆ ಕಾಣುತ್ತದೆ.

ಕಥೆಯಲ್ಲಿ ಮಾತ್ರ ಎಲ್ಲವನ್ನೂ ದೂರ ತಳ್ಳಿದರು. ಜಪಾನಿನ ಕಥೆ ನಡೆಯುವುದು 2633ರಲ್ಲಿ, ನ್ಯೂಜಿಲೆಂಡ್ ಹತ್ತಿರದ ಗಲುಗಾ ಎಂಬ ಕಲ್ಪನೆಯ ದ್ವೀಪಸಮೂಹದಲ್ಲಿ. ರೆಡ್ ಫಾಲ್ಕನ್ ಎಂಬ ಶತ್ರುವನ್ನು ಮುಗಿಸಲು ಬಿಲ್ ಮತ್ತು ಲ್ಯಾನ್ಸ್ ಎಂಬಿಬ್ಬರು ಹೋಗುತ್ತಾರೆ. ಅಮೆರಿಕದ ಕೈಪಿಡಿ ಭವಿಷ್ಯದ ಇಸವಿಯನ್ನು ಕೈಬಿಟ್ಟು, ಕಥೆಯನ್ನು ಈ ಕಾಲದ ದಕ್ಷಿಣ ಅಮೆರಿಕಕ್ಕೆ ತಂದಿತು. ಇಬ್ಬರಿಗೂ ಮ್ಯಾಡ್ ಡಾಗ್, ಸ್ಕಾರ್ಪಿಯನ್ ಎಂಬ ಗುಪ್ತನಾಮ ಕೊಟ್ಟಿತು.

ಯುರೋಪಿನಲ್ಲಿ ಇನ್ನೊಂದೇ ಕಥೆ. ಮನುಷ್ಯರು ಮನುಷ್ಯರನ್ನು ಕೊಲ್ಲುವ ಆಟಗಳ ಬಗ್ಗೆ ಜರ್ಮನಿಯ ನಿಯಮ ಬಿಗಿಯಾಗಿತ್ತು. ಹಾಗಾಗಿ ಅಲ್ಲಿನ ಎನ್‌ಇಎಸ್‌ಗೆ ಬಂದಾಗ ಆಟದ ಹೆಸರು ಪ್ರೊಬೊಟೆಕ್ಟರ್ ಆಯಿತು, ನಾಯಕರೂ ಶತ್ರು ಸೈನಿಕರೂ ರೋಬೋಟ್‌ಗಳಾದರು. ಅದೇ ಕಾಡು, ಅದೇ ಜಿಗಿತ, ಅದೇ ಗುಂಡು, ಸಾಯುವವರು ಮಾತ್ರ ತಗಡಿನವರು. ನಮ್ಮ ದೇಶದ ಟಿವಿಗಳು ಯುರೋಪಿನಂತೆ ಪಾಲ್ ಪದ್ಧತಿಯವು. ಆದರೂ ನಾವು ರೋಬೋಟ್ ಆವೃತ್ತಿ ನೋಡಲೇ ಇಲ್ಲ. ಏಕೆಂದರೆ ನಮಗೆ ಆಟ ಬಂದದ್ದು ಕಂಪನಿಯ ದಾರಿಯಲ್ಲಿ ಅಲ್ಲ.

ಹಳದಿ ಕ್ಯಾಸೆಟ್ಟು

ಫ್ಯಾಮಿಕಾಮ್ 1983ರಲ್ಲಿ ಬಂದ ಯಂತ್ರ. ಕೆಲವೇ ವರ್ಷಗಳಲ್ಲಿ ಅದರ ನಕಲುಗಳು ತೈವಾನ್ ಮತ್ತು ಚೀನಾದ ಕಾರ್ಖಾನೆಗಳಿಂದ ಹೊರಟು ಅರ್ಧ ಲೋಕ ತಲುಪಿದವು. 1990ರ ದಶಕದಲ್ಲಿ ಭಾರತದ ಸಣ್ಣ ಊರುಗಳಲ್ಲಿ "ಟಿವಿ ಗೇಮ್" ಅಂದರೆ ಬಹುಪಾಲು ಈ ನಕಲು ಯಂತ್ರವೇ. ಇಂಗ್ಲಿಷಿನವರು ಕಾರ್ಟ್ರಿಜ್ ಅನ್ನುವುದನ್ನು ನಾವು ಕ್ಯಾಸೆಟ್ ಎಂದೆವು. ಅದು ಹಿಡಿಯದಿದ್ದರೆ ಬಾಯಿಂದ ಊದಿ ಮತ್ತೆ ಹಾಕಿದೆವು. ಕ್ಯಾಸೆಟ್ ಮೇಲೆ ಲಕ್ಷಗಟ್ಟಲೆ ಆಟಗಳ ಸಂಖ್ಯೆ ಬರೆದಿರುತ್ತಿತ್ತು. ಒಳಗೆ ಹತ್ತೋ ಇಪ್ಪತ್ತೋ ಆಟ, ಉಳಿದವೆಲ್ಲ ಅವೇ ಆಟಗಳು ಬೇರೆ ನಂಬರಿನಲ್ಲಿ. ಕಾಂಟ್ರಾವೇ ಐದಾರು ಕಡೆ ಇರುತ್ತಿತ್ತು. ಒಂದು ನಂಬರಿನಲ್ಲಿ ಮೂರು ಲೈಫು, ಇನ್ನೊಂದರಲ್ಲಿ ಮೂವತ್ತು, ಮತ್ತೊಂದರಲ್ಲಿ ನೇರ ಮುಂದಿನ ಸ್ಟೇಜು. ಇದನ್ನು ಮೋಸ ಎನ್ನಿ, ಕಳ್ಳಮಾಲು ಎನ್ನಿ. ಆ ಕಳ್ಳಮಾಲಿಲ್ಲದೆ ನಮಗೆ ಕಾಂಟ್ರಾ ಗೊತ್ತಾಗುತ್ತಲೇ ಇರಲಿಲ್ಲ.

ಮೂವತ್ತು ಲೈಫಿಗೆ ಇನ್ನೊಂದು ದಾರಿಯೂ ಇತ್ತು. ಟೈಟಲ್ ಬರುವಾಗ ರಿಮೋಟಿನಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಇಬ್ಬರು ಆಡುವುದಾದರೆ ನಡುವೆ ಒಂದು ಸೆಲೆಕ್ಟ್. ಆಮೇಲೆ ಸ್ಟಾರ್ಟ್. ಇಂಟರ್‌ನೆಟ್ ಕಾಣದ ನಮ್ಮೂರಿಗೆ ಈ ಸಾಲು ಹೇಗೆ ಬಂತು? ಒಬ್ಬನ ಹುಬ್ಬಳ್ಳಿಯ ಮಾವನ ಮಗ ಹೇಳಿದ್ದಂತೆ, ಅವನಿಗೆ ಮುಂಬಯಿಯವರು ಯಾರೋ ಹೇಳಿದ್ದಂತೆ. ಜನಪದ ಕಥೆ ಸಾಗುವ ದಾರಿಯೇ ಇದು. ಬಾಯಿಂದ ಬಾಯಿಗೆ, ಹೇಳಿದವರ ಹೆಸರು ಅಳಿಯುತ್ತಾ.

ಮೂಲದಲ್ಲಿ ಅದಕ್ಕೊಬ್ಬ ಮನುಷ್ಯ ಇದ್ದ. ಕಜುಹಿಸಾ ಹಾಶಿಮೊಟೊ, ಕೊನಾಮಿಯ ನೌಕರ. 1986ರಲ್ಲಿ ಗ್ರೇಡಿಯಸ್ ಎಂಬ ಬಾಹ್ಯಾಕಾಶದ ಆಟವನ್ನು ಫ್ಯಾಮಿಕಾಮ್‌ಗೆ ಇಳಿಸುತ್ತಿದ್ದಾಗ, ಪರೀಕ್ಷೆಗಾಗಿ ಕೊನೆಯವರೆಗೆ ಆಡಬೇಕಿತ್ತು. ತಾನೇ ಮಾಡುತ್ತಿದ್ದ ಆಟ ತನಗೇ ಕಷ್ಟವಾಯಿತು. ಎಲ್ಲ ಶಸ್ತ್ರಗಳೂ ಒಮ್ಮೆಲೇ ಸಿಗುವಂತೆ ತನಗೆ ನೆನಪಿರುವ ಒಂದು ಗುಂಡಿ ಸಾಲು ಸೇರಿಸಿಕೊಂಡ. ಅದು ಆಟದೊಳಗೇ ಉಳಿದು ಅಂಗಡಿಗೆ ಹೋಯಿತು. ಎರಡು ವರ್ಷದ ಮೇಲೆ ಕಾಂಟ್ರಾದಲ್ಲಿ ಅದೇ ಸಾಲು ಮೂವತ್ತು ಲೈಫು ಕೊಟ್ಟಿತು. ಇಂದು ಲೋಕವೆಲ್ಲ ಅದನ್ನು ಕೊನಾಮಿ ಕೋಡ್ ಅನ್ನುತ್ತದೆ. ಹೆಸರು ಕಂಪನಿಯದು, ಕೆಲಸ ನೌಕರನದು. ಹಾಶಿಮೊಟೊ 2020ರ ಫೆಬ್ರುವರಿಯಲ್ಲಿ ತೀರಿಕೊಂಡರು. ನಮ್ಮ ಬಾಲ್ಯದ ಅತಿ ದೊಡ್ಡ ಗುಟ್ಟನ್ನು ಕಟ್ಟಿದವರ ಹೆಸರು ನಮಗೆ ತಿಳಿದದ್ದು ಆ ಸಾವಿನ ಸುದ್ದಿಯಿಂದ.

ನಮ್ಮ ಅಂಗಡಿಯಲ್ಲಿ ಮೂವತ್ತು ಲೈಫಿನ ಅರ್ಥವೂ ಬೇರೆಯೇ ಇತ್ತು. ಆರ್ಕೇಡಿನಲ್ಲಿ ಸಾವಿಗೆ ಬೆಲೆ, ನಮ್ಮಲ್ಲಿ ಗಂಟೆಗೆ ಬೆಲೆ. ಬೇಗ ಸತ್ತರೆ ಅಣ್ಣನಿಗೇನೂ ಲಾಭವಿಲ್ಲ. ನಮಗೆ ಹೆದರಿಕೆ ಇದ್ದದ್ದು ಕೊನೆಯ ಬಾಸ್ ಹತ್ತಿರ ಹೋದಾಗ ಗಂಟೆ ಮುಗಿಯುವುದು, ಇಲ್ಲವೇ ಕರೆಂಟು ಹೋಗುವುದು. ಆಟ ಉಳಿಸಿಡುವ ವ್ಯವಸ್ಥೆ ಆ ಕ್ಯಾಸೆಟ್ಟಿನಲ್ಲಿರಲಿಲ್ಲ. ಲೋಡ್ ಶೆಡ್ಡಿಂಗ್ ಆದರೆ ಮೂವತ್ತು ಲೈಫೂ ಒಟ್ಟಿಗೆ ಹೋಗುತ್ತಿದ್ದವು.

ಮುಂದಿನ ಭಾಗಗಳ ಏಳುಬೀಳು

ಇತ್ತ ನಾವು ಹಳೆಯದನ್ನೇ ಊದಿ ಊದಿ ಆಡುತ್ತಿದ್ದಾಗ, ಅತ್ತ ಕಾಂಟ್ರಾ ಮುಂದೆ ಹೋಗಿಯಾಗಿತ್ತು. 1988ರಲ್ಲಿ ಸೂಪರ್ ಕಾಂಟ್ರಾ. 1992ರಲ್ಲಿ ಸೂಪರ್ ನಿಂಟೆಂಡೊಗೆ ನೊಬುಯಾ ನಕಜಾಟೊ ನಿರ್ದೇಶನದ ಮೂರನೆಯ ಭಾಗ, ಏಲಿಯನ್ ವಾರ್ಸ್. 1994ರಲ್ಲಿ ಸೆಗಾ ಯಂತ್ರಕ್ಕೆ ಹಾರ್ಡ್ ಕೋರ್. ಈ ಕೊನೆಯದರಲ್ಲಿ ಮೊದಲ ಸಲ ಒಬ್ಬ ಹೆಣ್ಣು, ಶೀನಾ, ಆಡುವವರ ಆಯ್ಕೆಗೆ ಬಂದಳು.

ಆಮೇಲೆ ಬಿದ್ದದ್ದು ಆಟದ ಲೋಕವೇ ಮೂರು ಆಯಾಮಕ್ಕೆ ಹೊರಳಿದಾಗ. 1996 ಮತ್ತು 1998ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಎರಡು ಕಾಂಟ್ರಾಗಳನ್ನು ಕೊನಾಮಿ ಹೊರಗಿನ ತಂಡ, ಹಂಗೇರಿ ಮೂಲದ ಅಪ್ಪಲೂಸಾಕ್ಕೆ ಕೊಟ್ಟಿತು. ಎರಡನ್ನೂ ಜನ ಒಪ್ಪಲಿಲ್ಲ. ಕಾರಣ ತೀರಾ ಗೂಢವಾದದ್ದಲ್ಲ. ಕಾಂಟ್ರಾದ ಜೀವ ಇರುವುದು ಪರದೆಯ ಮೇಲಿನ ಪ್ರತಿ ಗುಂಡೂ ಕಣ್ಣಿಗೆ ಕಾಣುವುದರಲ್ಲಿ. ಸತ್ತರೆ ತಪ್ಪು ನಮ್ಮದು ಎಂಬುದು ಖಚಿತ ಇರಬೇಕು. ಆಳ ಸೇರಿದಾಗ ಗುಂಡು ಎಲ್ಲಿದೆ, ನಾವು ಎಲ್ಲಿದ್ದೇವೆ ಎಂಬ ಅಂದಾಜೇ ತಪ್ಪುತ್ತದೆ. 2002ರಲ್ಲಿ ನಕಜಾಟೊ ಮರಳಿ ಬಂದು ಶ್ಯಾಟರ್ಡ್ ಸೋಲ್ಜರ್ ಮಾಡಿ ಆಟವನ್ನು ಮತ್ತೆ ಪಕ್ಕದ ನೋಟಕ್ಕೆ ತಂದರು.

ನಮಗೆ ಬಹಳ ಕುತೂಹಲ ಹುಟ್ಟಿಸಿದ್ದು 2007ರ ಕಾಂಟ್ರಾ 4. ಸರಣಿಗೆ 20 ತುಂಬಿದ ವರ್ಷ ಕೊನಾಮಿ ಈ ಕೆಲಸವನ್ನು ಕ್ಯಾಲಿಫೋರ್ನಿಯಾದ ವೇಫಾರ್ವರ್ಡ್ ಎಂಬ ಸಣ್ಣ ಸ್ಟುಡಿಯೊಗೆ ಒಪ್ಪಿಸಿತು. ನಿರ್ದೇಶಕ ಮ್ಯಾಟ್ ಬೋಜನ್. ಸಂಗೀತ ಜೇಕ್ ಕಾಫ್‌ಮನ್ ಅವರದು. ಹಳೆಯ ಆಟಗಳ ರಾಗಗಳನ್ನು ಅಭಿಮಾನಿಯಾಗಿ ಮರುಜೋಡಿಸಿ ಇಂಟರ್‌ನೆಟ್ಟಿನಲ್ಲಿ ಹೆಸರಾದವರು ಅವರು. ಆಡಿ ಬೆಳೆದವರ ಕೈಗೆ ಆಟ ಮಾಡುವ ಕೆಲಸ ಬಂತು. ಹೆಸರಿನಲ್ಲೇ ಒಂದು ತೀರ್ಪಿದೆ. ಮೂರರ ನಂತರ ನಾಲ್ಕು ಎಂದು ಎಣಿಸಿ, ನಡುವೆ ಬಂದ ಮೂರು ಆಯಾಮದವನ್ನು ಲೆಕ್ಕದಿಂದಲೇ ಬಿಟ್ಟರು.

ಕಾಂಟ್ರಾ 4 ಬಂದದ್ದು ನಿಂಟೆಂಡೊ ಡಿಎಸ್‌ಗೆ. ಅಂಗೈಯಲ್ಲಿ ಹಿಡಿಯುವ, ಒಂದರ ಮೇಲೊಂದು ಎರಡು ಪರದೆ ಇರುವ ಯಂತ್ರ. ಎರಡನ್ನೂ ಸೇರಿಸಿ ಒಂದೇ ಎತ್ತರದ ಬಯಲು ಮಾಡಿದರು. ಕೊಕ್ಕೆ ಎಸೆದು ಕೆಳಗಿನ ಪರದೆಯಿಂದ ಮೇಲಿನದಕ್ಕೆ ಹಾರಬೇಕು. ಹಾಗೆ ನೋಡಿದರೆ 1987ರ ಉದ್ದುದ್ದ ಪರದೆ 20 ವರ್ಷದ ಮೇಲೆ ಸುತ್ತಿ ಬಂದಂತಾಯಿತು. ತೊಂದರೆಯೂ ಅಲ್ಲೇ ಇತ್ತು. ಎರಡು ಪರದೆಗಳ ನಡುವಿನ ಪ್ಲಾಸ್ಟಿಕ್ ಪಟ್ಟಿಯ ಜಾಗದಲ್ಲಿ ಗುಂಡು ಕಾಣುವುದಿಲ್ಲ. ಕಾಣದ ಗುಂಡಿಗೆ ಸಾಯುವುದು ಕಾಂಟ್ರಾದಲ್ಲಿ ಅನ್ಯಾಯ.

ಇತಿಹಾಸವನ್ನು ಅವರು ನಡೆಸಿಕೊಂಡ ರೀತಿ ಮಾತ್ರ ಚೆಂದ. ಅಮೆರಿಕದ ಅನುವಾದಕರು ಬಿಲ್ ಮತ್ತು ಲ್ಯಾನ್ಸ್‌ಗೆ ಕೊಟ್ಟಿದ್ದ ಮ್ಯಾಡ್ ಡಾಗ್, ಸ್ಕಾರ್ಪಿಯನ್ ಹೆಸರುಗಳನ್ನು ತಪ್ಪೆಂದು ಅಳಿಸದೆ, ಆ ಹೆಸರಿನ ಇಬ್ಬರು ಬೇರೆ ಸೈನಿಕರನ್ನೇ ಸೃಷ್ಟಿಸಿದರು. ಯುರೋಪಿನ ರೋಬೋಟ್ ಪ್ರೊಬೊಟೆಕ್ಟರನ್ನೂ ಒಳಗೆ ಸೇರಿಸಿಕೊಂಡರು. ಯಾವ ದೇಶದ ಮಗು ಯಾವ ಆವೃತ್ತಿ ಆಡಿತ್ತೋ ಅದು ಸುಳ್ಳಲ್ಲ ಎಂದ ಹಾಗಾಯಿತು. ಒಂದು ಕೊರತೆ ಮಾತ್ರ ನಮಗೆ ಕಂಡಿತು. ಇಬ್ಬರು ಆಡಬೇಕಾದರೆ ಇಬ್ಬರ ಕೈಯಲ್ಲೂ ಬೇರೆ ಬೇರೆ ಯಂತ್ರ ಬೇಕು, ಬೇರೆ ಬೇರೆ ಪರದೆ ನೋಡಬೇಕು. ಪಕ್ಕದವನ ಮೊಣಕೈ ತಾಗುವ ಆಟ ಅದಲ್ಲ.

2019ರಲ್ಲಿ ಬಂದ ರೋಗ್ ಕೋರ್ಪ್ಸ್ ಮತ್ತೆ ದಾರಿ ತಪ್ಪಿ ಟೀಕೆ ತಿಂದಿತು. ಅದರ ನಿರ್ದೇಶಕರು ಇದೇ ನಕಜಾಟೊ. ಮೂಲ ಕೈ ಇದ್ದರೆ ಸಾಕು, ಆಟ ತಾನಾಗಿ ಸರಿಹೋಗುತ್ತದೆ ಎಂಬುದೂ ನಿಜವಲ್ಲ.

ಗಲುಗಾಕ್ಕೆ ಮರಳಿ

2024ರ ಆಪರೇಷನ್ ಗಲುಗಾ ಮತ್ತೆ ವೇಫಾರ್ವರ್ಡ್‌ನದೇ ಕೆಲಸ. ಇದು ಕಟ್ಟುನಿಟ್ಟಾಗಿ ಮುಂದಿನ ಭಾಗವಲ್ಲ, ಮೊದಲ ಆಟವನ್ನೇ ಹೊಸದಾಗಿ ಹೇಳುವುದು. ಅದೇ ಕಾಡು, ಅದೇ ಜಲಪಾತ, ಕೆಂಪು ಗೂಡಿನಿಂದ ಹಾರಿಬರುವ ಅದೇ ಎಸ್ ಗನ್. ಈಗ ಗಾಳಿಯಲ್ಲೇ ಎರಡನೇ ಸಲ ಜಿಗಿಯಬಹುದು, ಸರ್ರನೆ ಜಾರಬಹುದು, ಕೈಯಲ್ಲಿರುವ ಬಂದೂಕನ್ನು ಬಲಿಕೊಟ್ಟು ಒಂದು ದೊಡ್ಡ ಹೊಡೆತ ಪಡೆಯಬಹುದು. ಒಂದೇ ಗುಂಡಿಗೆ ಸಾವು ಬೇಕೇ, ಹಲವು ಪೆಟ್ಟು ತಡೆಯುವ ಜೀವಪಟ್ಟಿ ಬೇಕೇ ಎಂಬುದು ಆಡುವವರ ಆಯ್ಕೆ. ನಾಣ್ಯ ಬೀಳುವ ಕಿಂಡಿ ಇಲ್ಲವಾದ ಮೇಲೆ ಬೇಗ ಕೊಲ್ಲುವ ಹಂಗೂ ಇಲ್ಲ. ನಮ್ಮ ಊರಿನ ಮೂವತ್ತು ಲೈಫಿನ ಲೆಕ್ಕವನ್ನೇ ಕಂಪನಿ ಕೊನೆಗೆ ಒಪ್ಪಿಕೊಂಡಂತೆ ಅನಿಸಿತು.

ಎಲ್ಲವೂ ಸರಿ ಇಲ್ಲ. ಸ್ವಿಚ್ ಯಂತ್ರದಲ್ಲಿ ಓಟ ಕುಂಟುತ್ತದೆ ಎಂಬ ದೂರು ಬಂತು. ಹೊಸ ಗ್ರಾಫಿಕ್ಸಿಗೆ ಹಳೆಯ ಚುಕ್ಕಿ ಚಿತ್ರಗಳ ಖಚಿತತೆ ಇಲ್ಲ ಎಂದು ನಮಗೂ ಅನಿಸಿತು. ಆದರೆ ಎರಡು ವಿಷಯ ನಮ್ಮನ್ನು ಹಿಡಿದು ನಿಲ್ಲಿಸಿದವು. ಮೊದಲನೆಯದು, ಜೊತೆಗಾರರು ಒಂದೇ ಪರದೆಯ ಮುಂದೆ ಕೂತು ಆಡುವ ಆಟ ಇದು. ಕಥೆಯಲ್ಲಿ ಇಬ್ಬರು, ಆರ್ಕೇಡ್ ವಿಧಾನದಲ್ಲಿ ನಾಲ್ವರು.

ಎರಡನೆಯದು ಅರಿಯಾನಾ. ಅವಳು ಗಲುಗಾ ದ್ವೀಪದವಳೇ. 1987ರ ದ್ವೀಪದಲ್ಲಿ ಶತ್ರುಗಳು ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ. ಹೊರಗಿನಿಂದ ಹೆಲಿಕಾಪ್ಟರಿನಲ್ಲಿ ಬಂದವರು ಗುಂಡು ಹಾರಿಸಿ, ದ್ವೀಪವನ್ನೇ ಸ್ಫೋಟಿಸಿ ಹೋಗುತ್ತಿದ್ದರು. ಅಲ್ಲಿ ಊರಿದ್ದಿತೇ, ಜನ ಏನಾದರು ಎಂದು ಆಟ ಕೇಳಲಿಲ್ಲ, ನಾವೂ ಕೇಳಲಿಲ್ಲ. ಮುಂದೆ ವರದಿಗಾರರಾಗಿ ಅಣೆಕಟ್ಟು, ಹೆದ್ದಾರಿ, ಕೈಗಾರಿಕಾ ಪ್ರದೇಶಗಳ ಸುದ್ದಿಗೆ ಹೋದಾಗ ನಮಗೆ ಕಲಿಸಿದ ಮೊದಲ ಪ್ರಶ್ನೆಯೇ ಅದು: ಇಲ್ಲಿ ಮೊದಲು ಯಾರಿದ್ದರು? 37 ವರ್ಷ ಬೇಕಾಯಿತು, ಆಟವೂ ಆ ಪ್ರಶ್ನೆಯ ಹತ್ತಿರ ಬಂತು. ಉತ್ತರ ದೊಡ್ಡದೇನಲ್ಲ, ಒಂದು ಪಾತ್ರ ಅಷ್ಟೆ. ಆದರೂ ಖಾಲಿ ಇದ್ದ ನಕ್ಷೆಯಲ್ಲಿ ಒಂದು ಮುಖ ಮೂಡಿತು.

ಕಳೆದ ದೀಪಾವಳಿಗೆ ಮೂವರೂ ಊರಿಗೆ ಹೋದಾಗ ಲ್ಯಾಪ್‌ಟಾಪು, ಎರಡು ಕಂಟ್ರೋಲರ್ ಹಿಡಿದು ಆ ಜೆರಾಕ್ಸ್ ಅಂಗಡಿಗೆ ಹೋದೆವು. ಅಣ್ಣನಿಗೆ ಕೂದಲು ನರೆತಿದೆ. ಅಟ್ಟದಿಂದ ಒಂದು ರಟ್ಟಿನ ಡಬ್ಬಿ ಇಳಿಸಿ, ಧೂಳು ಹೊಡೆದು ಹಳದಿ ಕ್ಯಾಸೆಟ್ಟು ತೋರಿಸಿದ. ಯಂತ್ರ ಕೆಟ್ಟು ಎಷ್ಟೋ ವರ್ಷವಾಗಿದೆ, ಕ್ಯಾಸೆಟ್ಟು ಎಸೆಯಲು ಮನಸ್ಸು ಬಂದಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನ. ಮೊದಲು ಅಣ್ಣ ಮತ್ತು ನಮ್ಮಲ್ಲೊಬ್ಬ ಆಡಿದರು. ಜಲಪಾತದಲ್ಲಿ ಅಣ್ಣ ಮೂರು ಸಲ ಬಿದ್ದ. "ಮೂವತ್ತು ಲೈಫಿನ ನಂಬರ್ ಯಾವ್ದೋ ತಮ್ಮಾ ಇದ್ರಾಗ?" ಎಂದು ಕೇಳಿದ.

ಆಟ ಮುಂದೆ ಹೋಗಿ ಅರಿಯಾನಾಳನ್ನು ಆರಿಸಿಕೊಳ್ಳುವ ಅವಕಾಶ ತೆರೆದ ಮೇಲೆ ನಮ್ಮ ಮೂರನೆಯವಳು ಸ್ಟೂಲು ಎಳೆದುಕೊಂಡು ಕೂತಳು. ಅಣ್ಣ ಕಂಟ್ರೋಲರನ್ನು ಅವಳ ಕೈಗೆ ಕೊಡುತ್ತಾ, "ಅವತ್ತು ನಿನ್ನ ಮನಿಗೆ ಕಳಿಸಿದ್ದೆ ಅಲ್ಲವ್ವಾ?" ಅಂದ. ಅವನಿಗೆ ನೆನಪಿತ್ತು. ಅವಳು "ಹೂಂ" ಅಂದಳು, ಅಷ್ಟೆ. ನಾವಿಬ್ಬರು ಅವತ್ತಿನಂತೆ ಇವತ್ತೂ ಏನೂ ಹೇಳಲಾಗದೆ ನಿಂತಿದ್ದೆವು.

ಆಟಗಳಿಗೆ ಮುಂದಿನ ಭಾಗ ಬರುತ್ತದೆ. ಬಿಟ್ಟುಹೋದವರನ್ನು ಒಳಗೆ ಕರೆಯಲು, ತಪ್ಪಿದ ಹೆಸರನ್ನು ಸೇರಿಸಲು ಅವಕ್ಕೆ ಇನ್ನೊಂದು ಅವಕಾಶ ಇರುತ್ತದೆ. ನಮಗೆ ಆ ಮಧ್ಯಾಹ್ನ ಸಿಕ್ಕಿತು. ನಾಲ್ಕೂವರೆಗೆ ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಅವಳು ಆಡುತ್ತಲೇ ಇದ್ದಳು.